ಕ್ರಿಯಾಪದ ಬದಲಾದರೆ ಸಾಲದು

ಮಾನ್ಯ ಸಂಪಾದಕರೇ,

ಪಾಠ ಯೋಜನೆಗಳಲ್ಲಿ ‘ವಿಶ್ಲೇಷಿಸುವರು’, ‘ಮೌಲ್ಯಮಾಪನ ಮಾಡುವರು’ ಎಂಬ ಮಾತುಗಳು ಈಗ ಜಾಸ್ತಿ ಕಾಣುತ್ತವೆ. ಪ್ರಶ್ನೆಪತ್ರಿಕೆ ತೆರೆದರೆ ಮಾತ್ರ ಅದೇ ಹಳೆಯ ‘ಯಾರು, ಯಾವಾಗ, ಎಷ್ಟು’. ಶಿಕ್ಷಕಿಯಾಗಿ ಇದು ನನ್ನನ್ನು ಕಾಡುತ್ತಿದೆ.

ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕಲಿಕೆಯ ಗುರಿಗಳನ್ನು ಆರು ಹಂತಗಳಾಗಿ ವಿಂಗಡಿಸಿದರು. 2001ರಲ್ಲಿ ಲೋರಿನ್ ಆಂಡರ್ಸನ್, ಡೇವಿಡ್ ಕ್ರಾಥ್ವಾಲ್ ಮತ್ತಿತರರು ಅದನ್ನು ತಿದ್ದಿ, ನಾಮಪದಗಳ ಜಾಗದಲ್ಲಿ ಕ್ರಿಯಾಪದ ಇಟ್ಟರು: ನೆನಪಿಡುವುದು, ಅರ್ಥ ಮಾಡಿಕೊಳ್ಳುವುದು, ಬಳಸುವುದು, ಬಿಡಿಸಿ ನೋಡುವುದು (ವಿಶ್ಲೇಷಣೆ), ತೂಗಿ ನೋಡುವುದು (ಮೌಲ್ಯಮಾಪನ), ಹೊಸದನ್ನು ಕಟ್ಟುವುದು. ಈ ಆರು ನಮಗೆ ಬಾಯಿಪಾಠ. ಆಗಲೇ ಬಂದ ಇನ್ನೊಂದು ಆಯಾಮ ಮಾತ್ರ ಮರೆತೇ ಹೋಗುತ್ತದೆ. ಅದು ತಿಳಿವಿನ ಬಗೆ: ಬಿಡಿ ಸಂಗತಿ, ಪರಿಕಲ್ಪನೆ, ಮಾಡುವ ವಿಧಾನ, ತನ್ನ ಯೋಚನೆಯ ಬಗ್ಗೆ ತನಗಿರುವ ಅರಿವು.

‘ಆಯತದ ವಿಸ್ತೀರ್ಣದ ಸೂತ್ರ ಬರೆಯಿರಿ’ ಎಂಬುದು ನೆನಪಿನ ಪ್ರಶ್ನೆ. ‘ಸುತ್ತಳತೆ ಒಂದೇ ಇರುವ ಎರಡು ಆಯತಗಳ ವಿಸ್ತೀರ್ಣವೂ ಒಂದೇ ಇರಬೇಕೇ? ಏಕೆ?’ ಎಂದು ಕೇಳಿ ನೋಡಿ. ಮಗು ಚಿತ್ರ ಬರೆದು, ಲೆಕ್ಕ ಹಾಕಿ, ಕಾರಣ ಕೊಡಬೇಕಾಗುತ್ತದೆ. ಆದರೆ ಇದರ ಉತ್ತರವನ್ನೂ ಮೊದಲೇ ತರಗತಿಯಲ್ಲಿ ಬರೆಸಿಬಿಟ್ಟಿದ್ದರೆ? ಆಗ ಅದೂ ಸುಮ್ನೆ ನೆನಪಿನ ಪ್ರಶ್ನೆಯೇ ಅಲ್ವಾ?

ಹಾಗಂತ ನೆನಪನ್ನು ಕೀಳಾಗಿ ಕಾಣುವುದೂ ತಪ್ಪು. ಗುಣಾಕಾರ ಬಾರದ ಮಗು ಈ ಪ್ರಶ್ನೆಯ ಹತ್ತಿರವೂ ಸುಳಿಯಲಾರದು.

ಪಠ್ಯಕ್ರಮ ರೂಪಿಸುವವರು ಗುರಿ, ಚಟುವಟಿಕೆ, ಪರೀಕ್ಷೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಪ್ರತಿ ಪಾಠಕ್ಕೂ ಮಕ್ಕಳು ಮೊದಲು ಕಂಡಿರದ ಒಂದೆರಡು ಪ್ರಶ್ನೆಗಳನ್ನು ಜೊತೆಗೆ ಕೊಡಲಿ.

— ಒಬ್ಬ ಗಣಿತ ಶಿಕ್ಷಕಿ