ಊರಿನ ಬಾರಿನಲ್ಲೂ ಗ್ಲಾಸಿನ ಮೇಲೆ ಕಣ್ಣಿರಲಿ

ದಸರಾಕ್ಕೆ ಊರಿಗೆ ಹೊರಟವರ ಟಿಕೆಟ್ ಆಗಿದೆ. ಕ್ರಿಸ್‌ಮಸ್ ರಜೆಗೆ ಹೋಗುವವರು ಈಗ ದರ ನೋಡುತ್ತಿದ್ದಾರೆ. ಈ ಸಲ ನಮ್ಮ ಕೂಟದ ಹಲವು ಮನೆಗಳಿಂದ ಇಪ್ಪತ್ತರ ಆಸುಪಾಸಿನ ಮಕ್ಕಳೂ ಹೊರಟಿದ್ದಾರೆ. ದೀಪಾಲಂಕಾರ ನೋಡಿಕೊಂಡು ಅತ್ತೆಮಕ್ಕಳ ಜೊತೆ ಮೈಸೂರಿನ ಒಂದು ಪಬ್ಬು, ಶ್ರೀರಂಗಪಟ್ಟಣದ ಹೊಳೆದಂಡೆಯ ರೆಸಾರ್ಟು, ಮಂಡ್ಯದ ಹತ್ತಿರ ಹೈವೇ ಡಾಬಾ, ಇವೆಲ್ಲ ಇರುವುದೇ. ಇಲ್ಲಿ ಬ್ರಿಟನ್ನಿನಲ್ಲಿ ಯಾರೂ ಏನನ್ನೂ ಕದ್ದು ಬೆರೆಸದಿರಲೆಂದು ಗ್ಲಾಸಿನ ಮೇಲೆ ಅಂಗೈ ಇಟ್ಟುಕೊಂಡೇ ಮಾತಾಡುವ ಮಕ್ಕಳು ಅಲ್ಲಿ "ನಮ್ಮೂರೇ ತಾನೇ" ಎಂದು ಅದನ್ನು ಟೇಬಲ್ಲಿನ ಮೇಲೆ ಬಿಟ್ಟು ಡ್ಯಾನ್ಸಿಗೆ ಏಳುತ್ತಾರೆ. ಈ ಸಂಚಿಕೆಯಲ್ಲಿ ಹಬ್ಬದ ಮಾತು ಬಿಟ್ಟು ಇದನ್ನು ಬರೆಯುತ್ತಿರುವುದು ಅದಕ್ಕಾಗಿ.

ಮೊದಲು ಅಳತೆ ತಿಳಿದಿರಲಿ. ಇಲ್ಲಿನ ಪಬ್ಬಿನಲ್ಲಿ ಸಿಂಗಲ್ ಎಂದರೆ ಸಾಮಾನ್ಯವಾಗಿ 25 ಮಿ.ಲೀ., ಅದರಲ್ಲಿ ಸುಮಾರು 8 ಗ್ರಾಂ ಆಲ್ಕೋಹಾಲ್. ಊರಿನಲ್ಲಿ ಸ್ಮಾಲ್ 30, ಲಾರ್ಜ್ 60. ಅಲ್ಲಿನ ವಿಸ್ಕಿ, ರಮ್ಮುಗಳು ಬಹುತೇಕ ಶೇ 42.8ರವು. ಹಾಗಾಗಿ ಒಂದು ಲಾರ್ಜ್‌ನಲ್ಲಿ 20 ಗ್ರಾಂ ಇರುತ್ತದೆ. ಶೇ 8ರ ಸ್ಟ್ರಾಂಗ್ ಬಿಯರ್ 650 ಮಿ.ಲೀ. ಬಾಟಲಿಯಲ್ಲಿ 41 ಗ್ರಾಂ. "ಎರಡೇ ಲಾರ್ಜ್" ಅಂದರೆ ಇಲ್ಲಿನ ಐದು ಸಿಂಗಲ್ ಆಯಿತು. ಗ್ಲಾಸಿಗೆ ಕದ್ದು ಬೆರೆಸುವ ವಸ್ತುಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಮದ್ಯವೇ. ಸ್ಮಾಲ್ ಕೇಳಿದವರಿಗೆ ಲಾರ್ಜ್ ಸುರಿಯುವುದು, ಜ್ಯೂಸಿಗೆ ವೋಡ್ಕಾ ಸೇರಿಸುವುದು ಕೂಡ ಹಾಗೆ ಕದ್ದು ಬೆರೆಸಿದಂತೆಯೇ. ತಾನು ಕುಡಿದದ್ದು ಎಷ್ಟು ಎಂಬ ಲೆಕ್ಕ ಇದ್ದವರಿಗೆ ಮಾತ್ರ, ಮೈಗೆ ಆಗುತ್ತಿರುವುದು ಆ ಲೆಕ್ಕಕ್ಕೆ ಮೀರಿದ್ದು ಎಂಬುದು ಹೊಳೆಯುತ್ತದೆ. ಇನ್ನೊಂದು ಮಾತು, ಗಾಡಿ ಓಡಿಸುವವರಿಗೆ ಇಂಗ್ಲೆಂಡಿನಲ್ಲಿ 100 ಮಿ.ಲೀ. ರಕ್ತಕ್ಕೆ 80 ಮಿ.ಗ್ರಾಂ ಮಿತಿ ಇದ್ದರೆ ಭಾರತದಲ್ಲಿ 30. ಕುಡಿದ ರಾತ್ರಿ ಕೀಲಿ ಮುಟ್ಟಲೇಬೇಡಿ.

ಊರಿನ ಬಾರಿನಲ್ಲಿ ಒಂದು ಅನುಕೂಲ ಇದೆ. 90 ಅಥವಾ 180 ಮಿ.ಲೀ. ಸೀಲ್ ಆದ ಪ್ಯಾಕನ್ನೇ ಕೇಳಬಹುದು. "ನೈಂಟಿ ತನ್ನಿ, ಇಲ್ಲೇ ಓಪನ್ ಮಾಡ್ತೀನಿ" ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ನೀರು, ಸೋಡಾ ಬಾಟಲಿಯ ಮುಚ್ಚಳವೂ ನಿಮ್ಮ ಕೈಯಲ್ಲೇ ಕಟಕ್ ಎಂದು ಬಿಚ್ಚಲಿ. ಕಾಕ್‌ಟೇಲ್ ಬೇಕಿದ್ದರೆ ಕೌಂಟರ್ ಬಳಿ ನಿಂತು ಬೆರೆಸುವುದನ್ನು ನೋಡಿ. ಎದ್ದು ಹೋದಾಗ ಬಿಟ್ಟ ಗ್ಲಾಸನ್ನು ಬಂದು ಮುಟ್ಟಬೇಡಿ. ಬಹಳಷ್ಟು ನಿದ್ದೆಮಾತ್ರೆಗಳಿಗೆ ಗುರುತಿಸುವಂಥ ರುಚಿ, ಬಣ್ಣ ಇರುವುದಿಲ್ಲ. ಮಂಪರು ತರುವ ಜಿಎಚ್‌ಬಿ ಎಂಬ ಮಾದಕ ವಸ್ತುವಿಗೆ ಸ್ವಲ್ಪ ಉಪ್ಪುಪ್ಪಾದ ರುಚಿಯಿದ್ದರೂ ಕೋಲಾದಲ್ಲಿ ಅದು ಗೊತ್ತಾಗುವುದಿಲ್ಲ.

ಕರ್ನಾಟಕದ ಬಾರುಗಳಲ್ಲಿ 21 ತುಂಬದವರಿಗೆ ಮದ್ಯ ಕೊಡುವಂತಿಲ್ಲ. ಇಲ್ಲಿ 18ಕ್ಕೇ ರೂಢಿಯಾದ ಮಕ್ಕಳು ಅಲ್ಲಿ ಫಾರ್ಮ್‌ಹೌಸ್ ಪಾರ್ಟಿಗಳತ್ತ ಹೋಗುವುದು ಹೀಗೆ. ಅಂಥ ಕಡೆ ಲೇಬಲ್ ಇಲ್ಲದ ಬಾಟಲಿಯಿಂದ ಒಂದು ಗುಟುಕೂ ಬೇಡ. ಮೆಥನಾಲ್ ಎಂಬ ವಿಷಕಾರಿ ಮದ್ಯಸಾರ ಬೆರೆತಿದ್ದರೆ ಆಗ ಏನೂ ತಿಳಿಯುವುದಿಲ್ಲ. 12ರಿಂದ 24 ಗಂಟೆ ಕಳೆದ ಮೇಲೆ ಹೊಟ್ಟೆನೋವು, ಕಣ್ಣು ಮಂಜಾಗುವುದು ಶುರುವಾಗುತ್ತದೆ. ಬೇಗ ಆಸ್ಪತ್ರೆ ಸೇರಿದರೆ ಪ್ರತಿವಿಷವಿದೆ, ಡಯಾಲಿಸಿಸ್ ಇದೆ. ತಡವಾದರೆ ದೃಷ್ಟಿ ಹೋಗುತ್ತದೆ, ಜೀವವೂ ಹೋಗಬಹುದು.

ದುಡ್ಡಿನ ಮೋಸ ಹೆಚ್ಚಾಗಿ ಸ್ನೇಹದ ರೂಪದಲ್ಲಿ ಬರುತ್ತದೆ. ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದವರು ಮೊದಲ ಭೇಟಿಗೇ ಬಾರಿನ ಹೆಸರು ಅವರೇ ಹೇಳುತ್ತಾರೆ, ಮೆನು ನೋಡದೆ ಅವರೇ ಆರ್ಡರ್ ಮಾಡುತ್ತಾರೆ, ನಡುವೆ ಫೋನ್ ಬಂತೆಂದು ಎದ್ದು ಹೋಗುತ್ತಾರೆ. ಹತ್ತಾರು ಸಾವಿರದ ಬಿಲ್ಲು, ಪಕ್ಕದಲ್ಲಿ ಬೌನ್ಸರ್. ದೆಹಲಿ, ಮುಂಬೈ, ಹೈದರಾಬಾದುಗಳಲ್ಲಿ ಪೊಲೀಸರು ಇಂಥ ಜಾಲಗಳನ್ನೇ ಹಿಡಿದಿದ್ದಾರೆ. ಜಾಗವನ್ನು ನೀವೇ ಆರಿಸಿ, ಬೆಲೆ ಬರೆದ ಮೆನು ಕೇಳಿ. ಹೆದರಿಸಿದರೆ ಅಲ್ಲಿಂದಲೇ 112ಕ್ಕೆ ಕರೆ ಮಾಡಿ. ಬಿಲ್ಲಿನಲ್ಲಿ ಮದ್ಯದ ಮೇಲೆ ಜಿಎಸ್‌ಟಿ ಹಾಕಿದ್ದರೆ ಅದು ತಪ್ಪು, ಮದ್ಯ ಜಿಎಸ್‌ಟಿ ವ್ಯಾಪ್ತಿಯಲ್ಲೇ ಇಲ್ಲ. ಸರ್ವೀಸ್ ಚಾರ್ಜ್ ಕಡ್ಡಾಯವಲ್ಲ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದದ್ದು ಕಾರ್ಡಿನ ವಿಷಯ. ಅಲ್ಲಿನ ಬ್ಯಾಂಕುಗಳ ಕಾರ್ಡಿಗೆ ಆನ್‌ಲೈನ್ ಖರೀದಿಯಲ್ಲಿ ಸಾಮಾನ್ಯವಾಗಿ ಒಟಿಪಿ ಬೇಕು. ನಮ್ಮ ಹೊರದೇಶದ ಕಾರ್ಡಿಗೆ ಎಲ್ಲ ಕಡೆ ಅದನ್ನು ಕೇಳುವುದಿಲ್ಲ. ನಂಬರು, ಅವಧಿ, ಹಿಂಬದಿಯ ಮೂರಂಕಿ ಸಿಕ್ಕರೆ ಕೆಲವು ಕಡೆ ಸಾಕಾಗುತ್ತದೆ. ಆದ್ದರಿಂದ ವೇಟರ್ ಕೈಗೆ ಕಾರ್ಡ್ ಕೊಟ್ಟು ಕಳಿಸಬೇಡಿ, ಮಷೀನನ್ನೇ ಟೇಬಲ್ಲಿಗೆ ತರಿಸಿ. ತೆರೆಯ ಮೇಲಿನ ಸೊನ್ನೆಗಳನ್ನು ಎಣಿಸಿ. ಪೌಂಡೋ ರೂಪಾಯಿಯೋ ಎಂದು ಕೇಳಿದರೆ ರೂಪಾಯಿ ಒತ್ತಿ, ಪೌಂಡಿನ ದರದಲ್ಲಿ ಅವರ ಲಾಭ ಸೇರಿರುತ್ತದೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. "ರೀಫಂಡ್ ಕಳಿಸ್ತೀವಿ, ಪಿನ್ ಹಾಕಿ" ಎಂದರೆ ಅದು ಮೋಸವೇ. ಹಣ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಲ್ಲಿನ ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸಿ.

ಈಗ ಮುಖ್ಯ ವಿಷಯ. ಒಂದು ಸ್ಮಾಲ್ ಕುಡಿದವರ ಮಾತು ಅರ್ಧ ಗಂಟೆಯೊಳಗೆ ತೊದಲುತ್ತಿದ್ದರೆ, ಕಾಲು ನಿಲ್ಲದಿದ್ದರೆ, ಕೇಳಿದ್ದನ್ನೇ ಕೇಳುತ್ತಿದ್ದರೆ, ಕೂತಲ್ಲೇ ತಲೆ ವಾಲುತ್ತಿದ್ದರೆ ಅದನ್ನು ಅಮಲೆನ್ನಬೇಡಿ, ವಿಷಪ್ರಾಶನವೆಂದೇ ತಿಳಿಯಿರಿ. ಅವರನ್ನು ಒಬ್ಬರೇ ಬಿಡಬೇಡಿ. "ನಾನು ಮನೆಗೆ ಬಿಡ್ತೀನಿ" ಎಂದು ಮುಂದೆ ಬಂದ ಹೊಸ ಪರಿಚಯದವರ ಜೊತೆ ಕಳಿಸಲೇಬೇಡಿ. ಉಳಿದ ಪಾನೀಯ ಚೆಲ್ಲದೆ ಒಂದು ಖಾಲಿ ಬಾಟಲಿಗೆ ಹಾಕಿ ಮುಚ್ಚಿ. ಸಿಸಿಟಿವಿ ದೃಶ್ಯ ಅಳಿಸದಂತೆ ಮ್ಯಾನೇಜರಿಗೆ ಹೇಳಿ.

ಜ್ಞಾನ ತಪ್ಪಿದವರನ್ನು ಅಂಗಾತ ಮಲಗಿಸಬಾರದು, ವಾಂತಿ ಶ್ವಾಸನಾಳಕ್ಕೆ ಹೋಗುತ್ತದೆ. ಎಡಮಗ್ಗುಲಿಗೆ ಮಲಗಿಸಿ, ಮೇಲಿನ ಮೊಣಕಾಲು ಮುಂದಕ್ಕೆ ಮಡಚಿ, ಗದ್ದ ಸ್ವಲ್ಪ ಮೇಲಿರಲಿ. ನಮ್ಮ ಮನೆಗಳಲ್ಲಿ ಕೂಡಲೇ ಮಜ್ಜಿಗೆ, ನಿಂಬೆರಸ ಹಿಡಿದು ಬರುತ್ತಾರೆ; ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ಹನಿ ನೀರೂ ಹಾಕಬಾರದು, ಬೆರಳು ಹಾಕಿ ವಾಂತಿ ಮಾಡಿಸಲೂಬಾರದು. ಕರೆದರೆ ಏಳದಿದ್ದರೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರಿದ್ದರೆ, ತುಟಿ ನೀಲಿಯಾದರೆ ಆಂಬುಲೆನ್ಸಿಗೆ 108.

ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಎರಡರಲ್ಲೂ ಹಗಲು ರಾತ್ರಿ ತುರ್ತು ವಿಭಾಗ ಇದೆ. ಅಲ್ಲಿ ಎರಡು ಮಾತು ಸ್ಪಷ್ಟವಾಗಿ ಹೇಳಿ: "ಯಾರೋ ಏನೋ ಬೆರೆಸಿರುವ ಅನುಮಾನ ಇದೆ, ಎಂಎಲ್‌ಸಿ ಮಾಡಿ" (ಪೊಲೀಸರಿಗೂ ತಿಳಿಸುವ ಮೆಡಿಕೋ-ಲೀಗಲ್ ಪ್ರಕರಣದ ದಾಖಲೆ) ಮತ್ತು "ವಿಷ ಪರೀಕ್ಷೆಗೆ ರಕ್ತ, ಮೂತ್ರ ತೆಗೆದಿಡಿ". ಮಾಮೂಲಿ ರಕ್ತಪರೀಕ್ಷೆಯಲ್ಲಿ ಹೀಗೆ ಬೆರೆಸುವ ವಸ್ತುಗಳು ಕಾಣುವುದಿಲ್ಲ. ಜಿಎಚ್‌ಬಿ ಮೂತ್ರದಲ್ಲಿ ಸುಮಾರು 12 ಗಂಟೆಯಷ್ಟೇ ಸಿಗುತ್ತದೆ, ರಕ್ತದಲ್ಲಿ ಇನ್ನೂ ಕಡಿಮೆ. ಮೊದಲ ಮೂತ್ರವೇ ಮುಖ್ಯ; ಆಸ್ಪತ್ರೆ ತಲುಪುವಷ್ಟರಲ್ಲಿ ತಡೆಯಲಾಗದಿದ್ದರೆ ಸ್ವಚ್ಛ ಬಾಟಲಿಯಲ್ಲಿ ಹಿಡಿದಿಡಿ. ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ ಸ್ನಾನ ಮಾಡಬಾರದು, ಬಟ್ಟೆ ಒಗೆಯಬಾರದು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಅತ್ಯಾಚಾರ ಸಂತ್ರಸ್ತರಿಗೆ ಆಸ್ಪತ್ರೆ ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕೆಂದು ಕಾನೂನಿದೆ.

ಈ ಹನ್ನೆರಡು ಗಂಟೆ ಕಳೆದುಹೋಗುವುದು ಹೆಚ್ಚಾಗಿ ಮನೆಯಲ್ಲೇ. ಅಪ್ಪ ಬೈಯುತ್ತಾರೆ, ಅಜ್ಜಿಗೆ ಗೊತ್ತಾಗುತ್ತದೆ, ನೆಂಟರಲ್ಲಿ ಮರ್ಯಾದೆ ಹೋಗುತ್ತದೆ ಎಂದು ಮಕ್ಕಳು ಕೋಣೆಯ ಬಾಗಿಲು ಹಾಕಿಕೊಂಡು ಮಲಗುತ್ತಾರೆ. ಹಾಗಾಗಿ ಅಪ್ಪ-ಅಮ್ಮಂದಿರಲ್ಲಿ ಒಂದು ಬೇಡಿಕೆ: ವಿಮಾನ ಹತ್ತುವ ಮೊದಲೇ ಮಕ್ಕಳನ್ನು ಕೂರಿಸಿಕೊಂಡು "ಏನೇ ಆಗಲಿ, ಎಷ್ಟು ಹೊತ್ತಾಗಲಿ, ಫೋನ್ ಮಾಡು. ಮೊದಲು ಆಸ್ಪತ್ರೆ, ಆಮೇಲೆ ಮಾತು" ಎಂದು ಬಾಯಿಬಿಟ್ಟು ಹೇಳಿ. ಊರಿನಲ್ಲಿರುವ ಚಿಕ್ಕಪ್ಪನಿಗೋ ಸೋದರಮಾವನಿಗೋ ಇದೇ ಮಾತು ಹೇಳಿಟ್ಟು, ಅವರ ನಂಬರನ್ನು ಮಕ್ಕಳ ಫೋನಿನಲ್ಲಿ ಹಾಕಿಕೊಡಿ.

ಅಪರಾಧ ಮಾಡುವ ಉದ್ದೇಶದಿಂದ ಅಮಲು ಬರಿಸುವ ವಸ್ತು ಕುಡಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 123ನೇ ಸೆಕ್ಷನ್ ಪ್ರಕಾರ 10 ವರ್ಷದವರೆಗೆ ಜೈಲು ಶಿಕ್ಷೆ ಇದೆ. ಘಟನೆ ಶ್ರೀರಂಗಪಟ್ಟಣದಲ್ಲಿ ನಡೆದಿದ್ದರೂ ಮೈಸೂರಿನ ಯಾವುದೇ ಠಾಣೆಯಲ್ಲಿ ಜೀರೋ ಎಫ್‌ಐಆರ್ ಕೊಡಬಹುದು, ನಮ್ಮ ವ್ಯಾಪ್ತಿಯಲ್ಲ ಎನ್ನುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತ. ಅದನ್ನೂ ಎಂಎಲ್‌ಸಿ ನಂಬರನ್ನೂ ತೆಗೆದುಕೊಂಡು, ತನಿಖಾಧಿಕಾರಿಗೆ ಇಲ್ಲಿನ ವಿಳಾಸ, ಇಮೇಲ್ ಕೊಟ್ಟು ಬನ್ನಿ.