ಕ್ರೆಡಿಟ್‌ಗಾಗಿ ನಮ್ಮ ಮಕ್ಕಳು ಜಿಲ್ಲೆ ಬಿಡಬೇಕೇ? ಕೊಡಗಿನ ಇಬ್ಬರು ಶಾಸಕರಿಗೆ ಬಹಿರಂಗ ಪತ್ರ

ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರಗಳ ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಕೊಡಗಿನ ಪದವಿ ಕಾಲೇಜೊಂದರಲ್ಲಿ ಬಿ.ಕಾಂ. ಮಕ್ಕಳಿಗೆ ಪಾಠ ಮಾಡುತ್ತೇನೆ. ಡಿಗ್ರಿಯಲ್ಲಿ ಕ್ರೆಡಿಟ್‌ಗಾಗಿ, ಅಂದರೆ ಪದವಿಗೆ ಲೆಕ್ಕಕ್ಕೆ ಬರುವ ಕಲಿಕೆಯ ಅಂಕಕ್ಕಾಗಿ, ಹೊರಗೆ ಕೆಲಸ ಕಲಿಯುವ ಇಂಟರ್ನ್‌ಶಿಪ್ ಬಗ್ಗೆ ನಿಮ್ಮಿಬ್ಬರನ್ನೂ ಒಂದು ಮಾತು ಕೇಳಬೇಕಿದೆ. ಅದನ್ನು ನಮ್ಮ ಮಕ್ಕಳು ಕೊಡಗಿನೊಳಗೇ ಮಾಡುವ ಹಾಗೆ ದಾರಿ ಮಾಡಿಕೊಡಿ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಲೆಕ್ಕ ಸರಳವಾಗಿದೆ. 30 ಗಂಟೆ ಕೆಲಸಕ್ಕೆ 1 ಕ್ರೆಡಿಟ್. 2ರಿಂದ 4 ಕ್ರೆಡಿಟ್ ಬೇಕಾದರೆ 60ರಿಂದ 120 ಗಂಟೆ. ಯೋಚನೆ ಒಳ್ಳೆಯದೇ. ಪುಸ್ತಕದಲ್ಲಿ ಲೆಕ್ಕಪತ್ರ ಕಲಿತ ಹುಡುಗಿ ಒಂದು ಸಲವಾದರೂ ನಿಜವಾದ ವ್ಯವಹಾರದ ಲೆಕ್ಕ ನೋಡಬೇಕು.

ಆದರೆ ಅವಳು ಹೋಗುವುದೆಲ್ಲಿಗೆ? ಮೈಸೂರಿಗೋ ಬೆಂಗಳೂರಿಗೋ ಹೋದರೆ ಪಿಜಿ ಬಾಡಿಗೆ, ಊಟ, ಓಡಾಟ ಎಲ್ಲ ಕೈಯಿಂದ. ಎಷ್ಟೋ ಕಡೆ ಸ್ಟೈಪೆಂಡ್ ಕೊಡುವುದಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಗಳಿಂದ, ಆದಿವಾಸಿಗಳ ಹಾಡಿಗಳಿಂದ ಬರುವ ಮಕ್ಕಳು ನಮ್ಮ ಕ್ಲಾಸಿನಲ್ಲಿದ್ದಾರೆ. ರಜೆ ಸಿಕ್ಕರೆ ಕಾಫಿ ಕುಯ್ಯಲು ಹೋಗಿ ಫೀಸಿನ ದುಡ್ಡು ಹೊಂದಿಸುವವರು ಅವರು. ಸಂಬಳವಿಲ್ಲದ ಒಂದು ತಿಂಗಳು ಅಂದರೆ ಆ ಮನೆಗೆ ಒಂದು ತಿಂಗಳ ಕೂಲಿ ಹೋಯಿತು ಅಂತಲೇ. ಕೊನೆಗೆ ಸಾಲ ಮಾಡಿ ಆನ್‌ಲೈನ್‌ನಲ್ಲಿ ಯಾರಿಗೋ ದುಡ್ಡು ಕಟ್ಟಿ ಸರ್ಟಿಫಿಕೇಟ್ ತಂದವರನ್ನೂ ನೋಡಿದ್ದೇನೆ. ಕೆಲಸ ಕಲಿಯಲಿಲ್ಲ, ಕ್ರೆಡಿಟ್ ಮಾತ್ರ ಬಂತು. ಆ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಬೇರೆ ಏನು ದಾರಿ ಇತ್ತು ಹೇಳಿ?

ಕೊಡಗಿನಲ್ಲಿ ಕಲಿಯಲು ಏನೂ ಇಲ್ಲ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ. ಅಪ್ಪಂಗಳದಲ್ಲಿ ಏಲಕ್ಕಿ, ಕಾಳುಮೆಣಸಿನ ಸಂಶೋಧನೆ ನಡೆಯುತ್ತದೆ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ. ಕುಶಾಲನಗರದ ಕಡೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ಘಟಕಗಳಿವೆ. ಬಿ.ಕಾಂ. ಹುಡುಗನೊಬ್ಬ ಅಲ್ಲಿ ಕುಳಿತು 50 ಕೆ.ಜಿ. ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಗೆ ಔಟ್‌ಟರ್ನ್, ಅಂದರೆ ಅದರಲ್ಲಿ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ, ಹೇಗೆ ತೆಗೆಯುತ್ತಾರೆ, ಅದರ ಮೇಲೆ ಬೆಳೆಗಾರನ ಕೈಗೆ ಬರುವ ರೇಟು ಹೇಗೆ ಏರುಪೇರಾಗುತ್ತದೆ ಅಂತ ನೋಡಲಿ. ಅವನ ಅಪ್ಪ ಪ್ರತಿ ವರ್ಷ ಚೆರಿ ಮಾರಿದ್ದಾನೆ. ಆ ಲೆಕ್ಕ ಸರಿಯೇ ಅಂತ ಕೇಳುವ ಧೈರ್ಯ ಬಂದಿಲ್ಲ. ಮಗ ಕೇಳಬಹುದು.

ನನಗೆ ಇನ್ನೊಂದು ಆಸೆ ಇದೆ. ನಮ್ಮ ತೋಟದ ಮನೆಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಡುವ ರೂಢಿ ಹಳೆಯದು. ಆ ನೋಟ್‌ಬುಕ್‌ಗಳು ಗೆದ್ದಲು ಹಿಡಿಯುತ್ತಿವೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಊರಿಗೆ ಊರೇ ಹೋದದ್ದನ್ನು ಕಂಡ ಜಿಲ್ಲೆ ನಮ್ಮದು. ಆ ಮಳೆಯ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಜಿಲ್ಲಾಡಳಿತದ ವಿಪತ್ತು ವಿಭಾಗ ಅದನ್ನು ಉಪಯೋಗಿಸಬಾರದೇ? 60 ಗಂಟೆಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚುವುದಿಲ್ಲ.

ಪಂಚಾಯಿತಿ, ಸಹಕಾರ ಸಂಘಗಳಲ್ಲೂ ಕೆಲಸ ಬೇಕಾದಷ್ಟಿದೆ. ಆದರೆ ಕಾಲೇಜಿನಿಂದ ಪತ್ರ ಹಿಡಿದು ಹೋದರೆ 'ಮೇಲಿಂದ ಆದೇಶ ಬರಲಿ' ಅನ್ನುತ್ತಾರೆ. ಆ ಆದೇಶ ತರಿಸುವ ಕೆಲಸ ನಿಮ್ಮಿಂದ ಆಗಬೇಕು.

ಜಿಲ್ಲಾಧಿಕಾರಿಗಳು, ಪ್ರಾಂಶುಪಾಲರು, ಕೊಡಗು ವಿಶ್ವವಿದ್ಯಾಲಯದವರು, ಬೆಳೆಗಾರರ ಸಂಘಗಳು, ಇವರೆಲ್ಲರನ್ನೂ ಒಂದು ದಿನ ಒಟ್ಟಿಗೆ ಕೂರಿಸಿ. ಯಾವ ಕಚೇರಿ, ಯಾವ ಘಟಕ ಎಷ್ಟು ಮಕ್ಕಳನ್ನು ತೆಗೆದುಕೊಳ್ಳುತ್ತದೆ ಅಂತ ಪಟ್ಟಿ ಮಾಡಿಸಿ, ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿಗೆ ಬರುವಂತೆ ಮಾಡಿ. ಗಂಟೆಗಳನ್ನು ಒಂದೇ ತಿಂಗಳಲ್ಲಿ ಮುಗಿಸಬೇಕು ಅನ್ನುವುದು ಬೇಡ. ಶನಿವಾರಗಳಲ್ಲಿ ಹಂಚಿಕೊಂಡು ಮಾಡಲು ವಿಶ್ವವಿದ್ಯಾಲಯ ಒಪ್ಪಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಜೋರಾದ ದಿನಗಳಲ್ಲಿ ಕಾಲೇಜಿಗೇ ರಜೆ ಕೊಡುವ ಊರಿದು, ಆ ತಿಂಗಳುಗಳನ್ನು ಬಿಟ್ಟುಬಿಡಲಿ.

ಬಸ್ ಚಾರ್ಜನ್ನೂ ಮರೆಯಬೇಡಿ. ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಎಷ್ಟೋ ಊರುಗಳಿಗೆ ಬರುವುದು ಖಾಸಗಿ ಬಸ್ಸುಗಳೇ. ಹಾಡಿಯಿಂದ ಬರುವ ಹುಡುಗಿಗೆ ದಿನದ ಬಸ್ ಖರ್ಚು, ಮಧ್ಯಾಹ್ನದ ಊಟ ಸಿಕ್ಕರೆ ಅವಳು ಕೆಲಸ ಪೂರ್ತಿ ಮಾಡುತ್ತಾಳೆ. ಇಲ್ಲದಿದ್ದರೆ ಮಧ್ಯದಲ್ಲೇ ಬಿಡುತ್ತಾಳೆ.

ಮುಂದಿನ ಸೆಮಿಸ್ಟರ್ ಶುರುವಾಗುವ ಮೊದಲೇ ಆ ಸಭೆ ಕರೆಯಿರಿ. ನಮ್ಮ ಕಾಲೇಜಿನಿಂದ ಬೇಕಾದ ಕಾಗದಪತ್ರಗಳನ್ನು ತಯಾರು ಮಾಡಿಕೊಂಡು ನಾನು ಬರುತ್ತೇನೆ.

ಇಂತಿ,
ಕೊಡಗಿನ ಒಬ್ಬ ವಾಣಿಜ್ಯ ಉಪನ್ಯಾಸಕಿ