ಸ್ಯಾನ್ ಫ್ರಾನ್ಸಿಸ್ಕೊ: ದೂರಕ್ಕಿಂತ ಏರು ನೋಡಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ನಮ್ಮ ಊರುಗಳಿಂದ ಎಷ್ಟೋ ಅಪ್ಪ–ಅಮ್ಮಂದಿರು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಮಕ್ಕಳ ಮನೆಗೆ ಹೊರಡುತ್ತಾರೆ. ಅಲ್ಲಿ ಅವರನ್ನು ಕಾರಿನಲ್ಲಿ ಕೂರಿಸಿ ಒಂದೇ ದಿನದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿಸಿ, ಚಳಿ ಮತ್ತು ಮಂಡಿನೋವಿನೊಂದಿಗೆ ವಾಪಸು ಕರೆತರುವುದೇ ರೂಢಿಯಾಗಿದೆ. ಅದು ನಡೆದು ನೋಡಬೇಕಾದ ಊರು. ಏರನ್ನು ಮೊದಲೇ ಲೆಕ್ಕ ಹಾಕಿಕೊಂಡರೆ ವಯಸ್ಸಾದವರೂ ಧಾರಾಳವಾಗಿ ನಡೆಯಬಹುದು.

ನಕ್ಷೆಯಲ್ಲಿ ಊರು ಚಿಕ್ಕದು, ಸುಮಾರು 120 ಚದರ ಕಿ.ಮೀ. ರಸ್ತೆಗಳೆಲ್ಲ ಚೌಕಾಬಾರದ ಮನೆಗಳಂತೆ ನೇರ. ಮೋಸವಿರುವುದು ಅಲ್ಲೇ. 1847ರ ಸರ್ವೆಯಲ್ಲಿ ಗುಡ್ಡಗಳನ್ನು ಲೆಕ್ಕಿಸದೆ ಗೆರೆ ಎಳೆದದ್ದರಿಂದ ರಸ್ತೆಗಳು ಗುಡ್ಡ ಬಳಸದೆ ನೆತ್ತಿಗೇ ಹತ್ತುತ್ತವೆ. ಹೈಡ್ ಮತ್ತು ಲೆವೆನ್‌ವರ್ತ್ ನಡುವೆ ಫಿಲ್ಬರ್ಟ್ ರಸ್ತೆಯ ಇಳಿಜಾರು ಶೇ 31.5, ಅಂದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಮೂವತ್ತೊಂದೂವರೆ ಮೀಟರ್ ಏರು. ಫೋನು ಹತ್ತು ನಿಮಿಷದ ನಡಿಗೆ ಎಂದರೆ ಅಷ್ಟಕ್ಕೇ ನಂಬಬೇಡಿ.

ಕೊಲ್ಲಿಯಾಚೆಯ ಫ್ರೀಮಾಂಟ್ ಕಡೆಯಿಂದ ಬರುವವರು ಬಾರ್ಟ್ ರೈಲಿನಲ್ಲಿ ಎಂಬಾರ್ಕಡೆರೊ ನಿಲ್ದಾಣದಲ್ಲಿ ಇಳಿಯಲಿ. ಮೇಲೆ ಬಂದರೆ ಹತ್ತಿರದಲ್ಲೇ ಕ್ಯಾಲಿಫೋರ್ನಿಯಾ ಮಾರ್ಗದ ಕೇಬಲ್ ಕಾರ್ (ರಸ್ತೆಯಡಿಯ ಹಗ್ಗ ಎಳೆಯುವ ಹಳಿಗಾಡಿ) ಹೊರಡುತ್ತದೆ. ಎಲ್ಲರೂ ಮುಗಿಬೀಳುವುದು ಪೊವೆಲ್ ರಸ್ತೆಯ ತುದಿಯಲ್ಲಿ, ಗಾಡಿಯನ್ನು ಕೈಯಿಂದ ತಳ್ಳಿ ತಿರುಗಿಸುವ ಜಾಗದಲ್ಲಿ. ಅಲ್ಲಿ ಸಾಲು ಕರಗುವುದೇ ಇಲ್ಲ. ಕ್ಯಾಲಿಫೋರ್ನಿಯಾ ಮಾರ್ಗದ ಗಾಡಿಗಳನ್ನು ಎರಡೂ ಕಡೆಯಿಂದ ಓಡಿಸಬಹುದಾದ್ದರಿಂದ ತಿರುಗಿಸುವ ನೋಟವಿಲ್ಲ, ಜನವೂ ಕಡಿಮೆ. ಉಳಿದದ್ದೆಲ್ಲ ಅದೇ: ರಸ್ತೆಯಡಿಯ ಉಕ್ಕಿನ ಹಗ್ಗ ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿ ಸದಾ ಓಡುತ್ತಿರುತ್ತದೆ. ಚಾಲಕ ಉದ್ದನೆಯ ಸನ್ನೆಕೋಲು ಎಳೆದರೆ ಕೆಳಗಿನ ಇಕ್ಕಳ ಹಗ್ಗವನ್ನು ಕಚ್ಚಿ ಗಾಡಿ ಹೊರಡುತ್ತದೆ, ಹಗ್ಗ ಬಿಟ್ಟು ಬ್ರೇಕು ಹಾಕಿದರೆ ನಿಲ್ಲುತ್ತದೆ. ಹಳಿಯ ನಡುವಿನ ಸೀಳಿಗೆ ಕಿವಿಗೊಟ್ಟರೆ ಹಗ್ಗದ ಗುಂಯ್‌ಗುಡುವಿಕೆ ಕೇಳಿಸುತ್ತದೆ. ಸಾಮಾನ್ಯ ಬಸ್ ಟಿಕೆಟ್ ಇದಕ್ಕೆ ನಡೆಯದು. ಬಸ್ಸು–ರೈಲಿನಲ್ಲಿ 65 ದಾಟಿದವರಿಗೆ ಕ್ಲಿಪ್ಪರ್ ಎಂಬ ಪ್ರಯಾಣದ ಕಾರ್ಡ್ ಮೂಲಕ ರಿಯಾಯಿತಿ ಉಂಟು.

ನಾಬ್ ಹಿಲ್ ಮೇಲೆ, ಪೊವೆಲ್ ರಸ್ತೆ ಕೂಡುವಲ್ಲಿ ಇಳಿದು ಎರಡು ಬ್ಲಾಕ್ ಕೆಳಗೆ ನಡೆದರೆ ಚೈನಾಟೌನ್‌ನ ಗ್ರಾಂಟ್ ಅವೆನ್ಯೂ. ಅಲ್ಲಿಂದ ಉತ್ತರಕ್ಕೆ ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದವರೆಗೆ ಹೆಚ್ಚೇನೂ ಏರಿಲ್ಲ. ಆ ಉದ್ಯಾನದ ಬಳಿಯಿಂದ 39ನೇ ನಂಬರ್ ಬಸ್ಸು ಟೆಲಿಗ್ರಾಫ್ ಹಿಲ್ ನೆತ್ತಿಯ ಗೋಪುರವಾದ ಕಾಯ್ಟ್ ಟವರ್‌ಗೆ ಒಯ್ಯುತ್ತದೆ. ಅಲ್ಲಿಂದ ತೋಟಗಳ ನಡುವೆ ಇಳಿಯುವ ಫಿಲ್ಬರ್ಟ್ ಮೆಟ್ಟಿಲುಗಳು ಊರಿನ ಅತಿ ಚೆಂದದ ದಾರಿ. ಆದರೆ ಹತ್ತುವಾಗ ದಣಿಯುವುದು ಉಸಿರು, ಇಳಿಯುವಾಗ ಪೆಟ್ಟು ತಿನ್ನುವುದು ಮಂಡಿ. ಮಂಡಿ ಸವೆದವರು ಅದೇ ಬಸ್ಸಿನಲ್ಲಿ ಇಳಿಯುವುದು ಲೇಸು.

ಬಟ್ಟೆಯ ವಿಷಯದಲ್ಲಂತೂ ಬಹಳ ಮಂದಿ ಎಡವುತ್ತಾರೆ. ಅಲ್ಲಿನ ಬೇಸಿಗೆಯಾದ ಜೂನ್‌ನಿಂದ ಆಗಸ್ಟ್‌ವರೆಗೆ ಫ್ರೀಮಾಂಟ್‌ನಲ್ಲಿ 30 ಡಿಗ್ರಿ ಇದ್ದರೂ ಸ್ಯಾನ್ ಫ್ರಾನ್ಸಿಸ್ಕೊದ ಸಮುದ್ರದಂಚಿನಲ್ಲಿ 15ರ ಆಸುಪಾಸು ಇರಬಹುದು. ಒಳನಾಡಿನ ಕಣಿವೆ ಕಾದು ಗಾಳಿ ಮೇಲೇಳುತ್ತದೆ. ಆ ಜಾಗ ತುಂಬಲು ತಣ್ಣನೆಯ ಕಡಲ ಗಾಳಿ ಮಂಜನ್ನೂ ಹೊತ್ತು ಗೋಲ್ಡನ್ ಗೇಟ್ ಕಂಡಿಯಿಂದ ನುಗ್ಗುತ್ತದೆ. ಒಳನಾಡು ಕಾದಷ್ಟೂ ಇಲ್ಲಿ ಚಳಿ. ಮಧ್ಯಾಹ್ನದ ಮೇಲೆ ಗಾಳಿ ಜೋರು. ಹಾಗಾಗಿ ಬೆಚ್ಚನೆಯ ಸ್ವೆಟರಿನ ಮೇಲೆ ಗಾಳಿ ತಡೆಯುವ ಜಾಕೆಟ್ ಬೇಕು. ಸೀರೆ ಉಡುವವರಿಗೆ ಕಾಲುಚೀಲ, ಬೂಟು ಕಡ್ಡಾಯ. ಗೋಲ್ಡನ್ ಗೇಟ್ ಸೇತುವೆಗೆ ನಡುಹಗಲಲ್ಲಿ ಹೋಗಿ. ಬೆಳಗಿನ ಮಂಜು ಹೆಚ್ಚಾಗಿ ಆಗ ಕರಗಿರುತ್ತದೆ. ದಿನಾಂಕ ನಿಮ್ಮ ಕೈಯಲ್ಲಿದ್ದರೆ ಸೆಪ್ಟೆಂಬರ್–ಅಕ್ಟೋಬರ್ ಆರಿಸಿಕೊಳ್ಳಿ, ಆ ಊರಿನ ನಿಜವಾದ ಬೇಸಿಗೆ ಅದೇ.

ಕಾರು ತಂದೇ ತರುತ್ತೇವೆ ಎನ್ನುವವರು ಒಳಗೆ ಖಾಲಿ ಚೀಲವನ್ನೂ ಬಿಡಬೇಡಿ, ಗಾಜು ಒಡೆಯುತ್ತಾರೆ. ಇಳಿಜಾರಿನಲ್ಲಿ ನಿಲ್ಲಿಸುವಾಗ ಮೂತಿ ಕೆಳಮುಖವಾಗಿದ್ದರೆ ಮುಂದಿನ ಚಕ್ರಗಳನ್ನು ಫುಟ್‌ಪಾತಿನತ್ತ, ಮೇಲ್ಮುಖವಾಗಿದ್ದರೆ ರಸ್ತೆಯತ್ತ ತಿರುಗಿಸಿಡದಿದ್ದರೆ ದಂಡ ಬೀಳುತ್ತದೆ.

ಕೊಲ್ಲಿಯ ದಂಡೆಯ ಎಂಬಾರ್ಕಡೆರೊ ರಸ್ತೆ ಪೂರ್ತಿ ಸಮತಟ್ಟು. ಫೆರ್ರಿ ಬಿಲ್ಡಿಂಗ್‌ನಿಂದ ಉತ್ತರಕ್ಕೆ ಬೆಸ ಸಂಖ್ಯೆಯ ಪಿಯರ್‌ಗಳು (ದೋಣಿಕಟ್ಟೆಗಳು), ದಕ್ಷಿಣಕ್ಕೆ ಸಮಸಂಖ್ಯೆಯವು. ಇದು ಗೊತ್ತಿಲ್ಲದೆ ತದ್ವಿರುದ್ಧ ದಿಕ್ಕಿಗೆ ನಡೆದು ಹಳೆಯ ಜೈಲಿರುವ ಅಲ್ಕಟ್ರಾಜ್ ದ್ವೀಪದ ದೋಣಿ ತಪ್ಪಿಸಿಕೊಳ್ಳಬೇಡಿ. ಅದು ಹೊರಡುವುದು 33ನೇ ಪಿಯರ್‌ನಿಂದ. ಬೇಸಿಗೆಯಲ್ಲಿ ಟಿಕೆಟ್ ವಾರಗಳ ಮೊದಲೇ ಮುಗಿಯುತ್ತದೆ, ವಿಮಾನದ ಟಿಕೆಟ್ ಆದ ಕೂಡಲೇ ಇದನ್ನೂ ಕಾದಿರಿಸಿ. ದ್ವೀಪದಲ್ಲಿ ದೋಣಿಕಟ್ಟೆಯಿಂದ ಜೈಲಿನ ಕಟ್ಟಡಕ್ಕೆ ಸುಮಾರು 40 ಮೀಟರ್ ಏರಬೇಕು. ಹತ್ತಲಾಗದವರಿಗೆ ವಿದ್ಯುತ್ ಗಾಡಿ ಇದೆ, ಇಳಿದೊಡನೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ.

– ಬೇ ಏರಿಯಾದ ಕೆಲವು ಕನ್ನಡಿಗರು